ಬಾಸ್ಕೆಟ್‌ಬಾಲ್ ಕೋಚ್ ಗೇಮ್: ಅಫೆನ್ಸ್ (ಪಾಯಿಂಟ್ ಗಳಿಸೋ ಆಟ) ಕಟ್ಟೋದು ಹೆಂಗ್ರಿ?

ನಮ್ಮ ಅಕ್ಕನ ಮಗ ದಿನಾ ಧಾರವಾಡದಿಂದ ಹುಬ್ಬಳ್ಳಿ ಕಾಲೇಜಿಗೆ ಚಿಗರಿ ಬಸ್ಸಿನ್ಯಾಗ ಓಡಾಡತಾನ, ಅಷ್ಟೊತ್ತೂ ಮೊಬೈಲಿನ್ಯಾಗ ಬಾಸ್ಕೆಟ್‌ಬಾಲ್ ಕೋಚ್ ಆಗಿರತಾನ. ಹೋದ ತಿಂಗಳ ಸಾಲಾಗಿ ಒಂಬತ್ತು ಮ್ಯಾಚ್ ಸೋತು ಬಂದು 'ಮಾಮಾ, ಗೇಮೇ ಮೋಸ ಐತಿ' ಅಂದ. ಬಾಕ್ಸ್ ಸ್ಕೋರ್ (ಯಾರು ಎಷ್ಟು ಹೊಡದ್ರು, ಎಷ್ಟು ಬಿತ್ತು ಅನ್ನೋ ಪಟ್ಟಿ) ತಗಿ ಅಂದೆ. ಸ್ಟಾರ್ ಪ್ಲೇಯರ್ 28 ಶಾಟ್ ಹೊಡದಾನ, ಬಿದ್ದದ್ದು 11, ಎಲ್ಲಾ ಎರಡ ಪಾಯಿಂಟಿನವು, ಅಂದ್ರ 22 ಪಾಯಿಂಟ್. ಮೂಲ್ಯಾಗ ನಿಂತ ಶೂಟರ್ ನಾಕೇ ತ್ರೀ (ದೂರದ ಗೆರಿ ಹೊರಗಿಂದ ಹೊಡಿಯೋ ಮೂರ ಪಾಯಿಂಟಿನ ಶಾಟ್) ಹೊಡದು ಎರಡು ಹಾಕ್ಯಾನ, ನಾಕ ಶಾಟಿಗೆ 6 ಪಾಯಿಂಟ್, ಆಮ್ಯಾಲೆ ಆ ಪಾಪದಾಂವಗ ಯಾರೂ ಚೆಂಡೇ ಕೊಟ್ಟಿಲ್ಲ!

1. ಐದು ಮಂದಿ ಆರಿಸೋದು. ಪಾಸ್ ಬರೋ ಗಾರ್ಡ್ ಒಬ್ಬ, ಶೂಟರ್ ಇಬ್ಬರು, ರೀಬೌಂಡಿಗೆ (ತಪ್ಪಿದ ಶಾಟಿನ ಚೆಂಡು ಹಿಡಿಯಾಕ) ಒಬ್ಬ ದೊಡ್ಡಾಂವ, ಐದನೇದವ ನಿಮ್ಮ ಸ್ಟಾರ್. ಓವರಾಲ್ ರೇಟಿಂಗ್ ನೋಡಿ ಮರುಳಾಗಬ್ಯಾಡ್ರಿ, ಅದರಾಗ ಡಿಫೆನ್ಸೂ ಕೂಡಿರತೈತಿ. ರೊಕ್ಕ ಕೊಟ್ಟು ಪ್ಲೇಯರ್ ಪ್ಯಾಕ್ ತಗೊಳ್ಳೋದಂತೂ ಬ್ಯಾಡೇ ಬ್ಯಾಡ, ನಾನೂ ಒಮ್ಮೆ ತಗೊಂಡು ಕೈ ಸುಟಗೊಂಡೀನಿ, ಬಂದಾಂವ ನಮ್ಮ ಬೆಂಚಿನಾಗ ಕುಂತಾಂವಗಿಂತ ಕಡಿ ಇದ್ದ.

2. ಪೇಸ್, ಅಂದ್ರ ಆಟದ ವೇಗ. ನಡಬರಕ ಇಡ್ರಿ, ಮುಂದ ನೋಡೋಣಂತ.

3. ಶಾಟ್ ಹಂಚೋದು. ಎಲ್ಲಾರೂ ಮುಗ್ಗರಿಸೋದು ಇಲ್ಲೇ. ಮೊದಲ ಲೆಕ್ಕ ತಿಳ್ಕೋರಿ: 35 ಪರ್ಸೆಂಟ್ ತ್ರೀ ಹೊಡಿಯಾಂವ ಶಾಟಿಗೆ 1.05 ಪಾಯಿಂಟ್ ತರತಾನ, ಗೆರಿ ಒಳಗ ಒಂದ ಹೆಜ್ಜಿ ಇಟ್ಟು 40 ಪರ್ಸೆಂಟ್ ಲಾಂಗ್ ಟೂ ಹೊಡಿಯಾಂವ ಬರೇ 0.80. ಆ ಟೂ ಇದಕ್ಕ ಸರಿಸಾಟಿ ಆಗಬೇಕಂದ್ರ 52.5 ಪರ್ಸೆಂಟ್ ಬೀಳಬೇಕು, ದೂರದಿಂದ ಅಷ್ಟು ಯಾರು ಹಾಕತಾರ? ಅದಕ್ಕ ಲಾಂಗ್ ಟೂ ಸ್ಲೈಡರ್ ಸಿಕ್ಕಷ್ಟು ಕೆಳಗ ಇಳಸ್ರಿ, ರಿಂಗ್ ಹತ್ತರದ ಶಾಟ್ ಮತ್ತ ತ್ರೀ ಮ್ಯಾಲೆ ಏರಸ್ರಿ. ಮೂಲಿ ತ್ರೀ ಆರಿಸೋ ಆಪ್ಷನ್ ಇದ್ರ ಬಿಡಬ್ಯಾಡ್ರಿ, ಎನ್‌ಬಿಎ ಕೋರ್ಟಿನಾಗ ನಡುವ 23 ಅಡಿ 9 ಇಂಚ್ ಇರೋ ಗೆರಿ ಮೂಲ್ಯಾಗ 22 ಅಡಿನೇ.

ಈಗ ಸ್ಟಾರ್ ವಿಷಯ. ಐದು ಮಂದಿಗೆ ಸಮ ಹಂಚಿದ್ರ ಒಬ್ಬೊಬ್ಬರಿಗೆ 20 ಪರ್ಸೆಂಟ್ ಯೂಸೇಜ್ (ಟೀಮಿನ ದಾಳಿಯಾಗ ಒಬ್ಬನ ಪಾಲು). ಸ್ಟಾರ್‌ಗ 26, 27 ಕೊಡ್ರಿ, 35ಕ್ಕ ಒಯ್ಯಬ್ಯಾಡ್ರಿ. ಯಾಕಂದ್ರ ಮೊದಲ ಅವಗ ಸಲೀಸ ಶಾಟ್ ಸಿಗತಾವ, ಅವು ಮುಗದ ಮ್ಯಾಲೆ ಇಬ್ಬರು ಮೈಮ್ಯಾಲೆ ಬಿದ್ದಾಗೂ ಹೊಡೀಬೇಕಾಗತೈತಿ, ಪರ್ಸೆಂಟ್ ಇಳಕೋಂತ ಹೋಗತೈತಿ. ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ರುಚಿ ಅಂತ ಬರೇ ಉಳ್ಳಾಗಡ್ಡಿ ತಿಂತೀರೇನು?

ಸ್ಟಾರ್ ಯೂಸೇಜ್ ಕಡಿಮಿ ಮಾಡೂ ಮುಂದ ಎರಡೆರಡೇ ಪರ್ಸೆಂಟ್ ಇಳಸ್ರಿ, ಹತ್ತು ಮ್ಯಾಚ್ ಓಡಸ್ರಿ, ನಡುವ ಮತ್ತೊಂದು ಸ್ಲೈಡರ್ ಮುಟ್ಟಬ್ಯಾಡ್ರಿ. ನಮ್ಮ ಹುಡುಗ ಒಂದ ಮ್ಯಾಚ್ ಸೋತ ಕೂಡ್ಲೆ ಎಲ್ಲಾ ತಿರುವಿ ಹಾಕತಿದ್ದ, ಆಮ್ಯಾಲೆ ಯಾವುದರಿಂದ ಏನಾತು ಅಂತ ಅವಗೇ ಗೊತ್ತಿಲ್ಲ. ನೋಡೋದೂ ಒಟ್ಟು ಪಾಯಿಂಟ್ ಅಲ್ಲ, ಬಿದ್ದ ಶಾಟ್ ಎಣಿಸಿ, ತ್ರೀ ಇದ್ರ ಒಂದೂವರಿ ಅಂತ ಹಿಡದು, ಒಟ್ಟು ಹೊಡದ ಶಾಟಿನಿಂದ ಭಾಗಸ್ರಿ. ಮ್ಯಾಲಿನ ಸ್ಟಾರ್‌ದು 39 ಪರ್ಸೆಂಟ್ ಬರತೈತಿ, ಆ ಶೂಟರ್‌ದು 75. ನಾಕ ಶಾಟಿನ ಲೆಕ್ಕ ನಂಬೋ ಹಂಗಿಲ್ಲ ಖರೆ, ಆದ್ರೂ ಅವಗ ಎಂಟ ಶಾಟರ ಕೊಟ್ಟು ನೋಡಬೇಕಿತ್ತಲ್ಲ. ಈ ಲೆಕ್ಕದಾಗ ಫ್ರೀ ಥ್ರೋ ಬರೂದಿಲ್ಲ, ಒಳಗ ನುಗ್ಗಿ ಫೌಲ್ ತರಾಂವ ಇದ್ರ ಅವನ್ನ ಬ್ಯಾರೆ ನೋಡ್ರಿ.

4. ಟರ್ನೋವರ್. ಶಾಟ್ ತಪ್ಪಿದ್ರ ರೀಬೌಂಡರ ಸಿಗಬಹುದು, ಚೆಂಡೇ ಕಳಕೊಂಡ್ರ ಸೊನ್ನಿ. ಪಾಸ್ ರೇಟಿಂಗ್ ಕಡಿಮಿ ಇರಾಂವನ ಕೈಯಾಗ ಪಿಕ್ ಅಂಡ್ ರೋಲ್ (ಜೊತಿಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟು ರಿಂಗ್ ಕಡೆ ಓಡೋ ಆಟ) ಕೊಡಬ್ಯಾಡ್ರಿ, ಸ್ಟಾರ್ ಇದ್ರೂ ಸೈತ. ಇದು ಸರಿ ಹೋದ ಮ್ಯಾಲೇನ ಪೇಸ್ ಏರಸ್ರಿ.

5. ಬೆಂಚ್. ಸ್ಟಾರ್ ಮತ್ತ ಗಾರ್ಡ್ ಇಬ್ಬರ್ನೂ ಒಮ್ಮೆಲೆ ಕುಂದರಸಬ್ಯಾಡ್ರಿ. ಒಬ್ಬ ಕೆಳಗ ಬಂದಾಗ ಇನ್ನೊಬ್ಬ ಕೋರ್ಟಿನಾಗ ಇರಬೇಕು. ಆಟೋ ಸಬ್ (ತಾನೇ ಪ್ಲೇಯರ್ ಬದಲಿಸೋ) ಬಟನ್ ಇದನ್ನ ಮಾಡತೈತಿ ಅಂತಾರ, ನಾ ನಂಬೂದಿಲ್ಲ, ನಿಮಿಷ ಕೈಲೇ ಹಾಕ್ರಿ. ಮ್ಯಾಚ್ ಬಿಗಿ ಇದ್ದು ಕಡೀ ಎರಡು ನಿಮಿಷ ಉಳದಾಗ ಮಾತ್ರ ಸ್ಟಾರ್‌ದು ಯೂಸೇಜ್ 35 ಮಾಡ್ರಿ, ಮುಗದ ಮ್ಯಾಲೆ ವಾಪಸ್ ಇಳಸೋದು ಮರೀಬ್ಯಾಡ್ರಿ, ನಮ್ಮ ಹುಡುಗ ಎರಡ ಸಲ ಮರತಾನ.