ಥಾಯ್ ಆಸ್ಪತ್ರೆ ಬಿಲ್ಲಿನ ದುಡ್ಡು ಮೈಸೂರಿನ ಖಾತೆಗೆ ವಾಪಸ್: ನನ್ನ ಅನುಭವ

ಮೈಸೂರಲ್ಲಿ ಬ್ಯಾಗು ಬೆನ್ನಿಗೇರಿಸಿಕೊಂಡು ದೇಶ ಸುತ್ತೋ ನಮ್ಮಂಥವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಟ್ರಾವೆಲ್ ಇನ್ಶೂರೆನ್ಸ್ ಇರೋದು ವೀಸಾ ಅರ್ಜಿಗೆ ಲಗತ್ತಿಸೋಕೆ, ದುಡ್ಡು ಬರೋಕಲ್ಲ ಅಂತ. "ಫೈಲು ಹಿಡ್ಕೊಂಡು ಸುಮ್ನೆ ಯಾಕೆ ಅಲೀತೀಯ, ಬಿಟ್ಟಾಕು ಗುರು" ಅಂದವರೇ ಜಾಸ್ತಿ. ನನಗಂತೂ ದುಡ್ಡು ಬಂತು. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಖಾಸಗಿ ಆಸ್ಪತ್ರೆಯೊಂದರಲ್ಲಿ ಡೆಂಗಿಗೆ ಆದ ಬಿಲ್ಲು 60 ಸಾವಿರ ಬಾತ್ ಚಿಲ್ಲರೆ, ಅಂದರೆ ಒಂದೂವರೆ ಲಕ್ಷ ರೂಪಾಯಿ ಆಸುಪಾಸು. ಡಿಡಕ್ಟಿಬಲ್ ಅಂತ, ಅಂದರೆ ನಾವೇ ಹೊರಬೇಕಾದ ಪಾಲು, 100 ಡಾಲರ್ ಹೋಯಿತು, ಊಟ, ಟಾಯ್ಲೆಟ್ ಕಿಟ್ಟು ಅಂತ ಒಂದಷ್ಟು ಕಡಿದರು. ಮಿಕ್ಕಿದ್ದೆಲ್ಲ ಖಾತೆಗೆ ಬಿತ್ತು. ಪಾಲಿಸಿಗೆ ಕೊಟ್ಟಿದ್ದು ಒಂದೂವರೆ ಸಾವಿರದ ಒಳಗೇ.

ಮೊದಲು ಫೋನಿನ ವಿಷಯ. ಪಾಲಿಸಿ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರೋ 1800 ನಂಬರು ವಿದೇಶಿ ಸಿಮ್ಮಿನಿಂದ ಹೋಗೋದೇ ಇಲ್ಲ ಅಂತಿಟ್ಟುಕೊಳ್ಳಿ. ಒಳಪುಟದಲ್ಲಿ ಅಸಿಸ್ಟೆನ್ಸ್ ಕಂಪನಿಯ (ಇನ್ಶೂರೆನ್ಸಿನವರ ಪರವಾಗಿ ವಿದೇಶದಲ್ಲಿ ನೆರವಾಗೋರು) ಮಾಮೂಲಿ ನಂಬರು, ಮೇಲ್ ಐಡಿ ಎರಡೂ ಇರುತ್ತವೆ. ಬೇಕಾಗಿರೋದು ಅವು. ಅಡ್ಮಿಟ್ ಆದ ಕೂಡಲೇ ಮೇಲ್, ಆಮೇಲೆ ಫೋನು. ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ, ಮೇಲ್‌ಗೆ ಗಂಟೆ ನಿಮಿಷದ ಗುರುತು ಇರುತ್ತೆ. ನನ್ನ ಪಾಲಿಸಿಯಲ್ಲಿ ತಿಳಿಸೋಕೆ 24 ಗಂಟೆ ಗಡುವಿತ್ತು. ಆ ಮೇಲ್‌ನ ಮೊದಲ ಎರಡು ಸಾಲು ಹೇಗಿರಬೇಕು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಬಳಿಯೇ ಇರಲಿ.

ಜ್ವರ ಬಂದರೆ ಮೊದಲ ಗಂಟೆಯಿಂದಲೇ ಒಂದು ಚೀಟಿ ಶುರು ಮಾಡಿ: ತಾರೀಖು, ಹೊತ್ತು, ಎಷ್ಟು ಡಿಗ್ರಿ, ಯಾವ ಮಾತ್ರೆ, ಎಷ್ಟು ಸಲ ಮೂತ್ರ. ಮಾತ್ರೆ ಪ್ಯಾರಾಸಿಟಮಾಲ್ ಒಂದೇ. ಮೈಕೈ ನೋವು ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನುಂಗಬೇಡಿ, ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ. ಡೆಂಗಿಗೆ ಎರಡು ರಕ್ತಪರೀಕ್ಷೆ: ವೈರಸ್ಸನ್ನೇ ಹುಡುಕೋ ಎನ್‌ಎಸ್1 ಸರಿಯಾಗಿ ಹಿಡಿಯೋದು ಮೊದಲ ನಾಲ್ಕೈದು ದಿನ, ಮೈಯಲ್ಲಿ ಹುಟ್ಟೋ ಪ್ರತಿಕಾಯ ಹುಡುಕೋ ಐಜಿಎಂ ಅದಾದ ಮೇಲೆ. ಆರನೇ ದಿನ ಹೋಗಿ ಎನ್‌ಎಸ್1 ಒಂದನ್ನೇ ಮಾಡಿಸಿದರೆ ನೆಗೆಟಿವ್ ಬರಬಹುದು. ಆಗ ಡಾಕ್ಟರು 'ವೈರಲ್ ಫೀವರ್' ಅಂತ ಬರೀತಾರೆ, ಇಲ್ಲಿ ಇನ್ಶೂರೆನ್ಸಿನವರು 'ಇಷ್ಟಕ್ಕೆ ಅಡ್ಮಿಷನ್ ಯಾಕೆ, ಒಪಿಡಿಯಲ್ಲೇ ಆಗ್ತಿತ್ತಲ್ಲ' ಅಂತ ಕೇಳ್ತಾರೆ. ಜ್ವರದ ದಿನದ ಲೆಕ್ಕ ಚೀಟಿಯಲ್ಲಿದ್ದರೆ ಯಾವ ದಿನಕ್ಕೆ ಯಾವ ಟೆಸ್ಟು ಅನ್ನೋದು ತಪ್ಪಲ್ಲ.

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆಯ ರಿಪೋರ್ಟು, ಬಂದಾಗ ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲೆ. ಅದರ ಜೊತೆ ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣದ ಪಾಲು) ಏರುತ್ತಿದೆಯಾ ನೋಡಿ. ಪ್ಲೇಟ್‌ಲೆಟ್ ಇಳಿದು ಹೆಮಟೋಕ್ರಿಟ್ ಏರಿದರೆ ರಕ್ತನಾಳದಿಂದ ದ್ರವ ಸೋರುತ್ತಿದೆ ಅಂತ ಅರ್ಥ, ಹಾಸ್ಟೆಲ್ಲಿನ ಮಂಚದಲ್ಲಿ ಮಲಗೋ ಕಾಲ ಮುಗಿಯಿತು. ಅಪಾಯ ಜೋರು ಜ್ವರದಲ್ಲಲ್ಲ, ಜ್ವರ ಇಳಿದು 'ಆರಾಮಾಯ್ತು' ಅನಿಸೋ ಹೊತ್ತಲ್ಲಿ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮೂತ್ರ ಕಮ್ಮಿ, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಥಾಯ್ಲೆಂಡಲ್ಲಿ ಆಂಬುಲೆನ್ಸ್ 1669. ಊರಿಂದ ಫೋನಲ್ಲಿ ಪರಂಗಿ ಎಲೆ ರಸ ಕುಡಿ ಅನ್ನೋರು ಇದ್ದೇ ಇರ್ತಾರೆ. ವಾಂತಿ ಆಗ್ತಿರೋ ಹೊಟ್ಟೆಗೆ ಅದನ್ನ ಹಾಕೋದು ಬೇಡ, ಓಆರ್‌ಎಸ್ ಸಾಕು. ಇಲ್ಲಿ ಸಣ್ಣ ಪ್ರಯೋಗವೂ ಮಾಡಿ ನೋಡಿದೆ. ನಮ್ಮ ದೊಡ್ಡ ಪೊಟ್ಟಣ, ಸುಮಾರು 21 ಗ್ರಾಮಿನದು, ಒಂದು ಲೀಟರಿಗೆ. ಅರ್ಧ ಲೀಟರ್ ಬಾಟಲಿಗೆ ಕಣ್ಣಳತೆಯಲ್ಲಿ ಅರ್ಧ ಸುರಿದರೆ ಒಂದು ಸಲ ಉಪ್ಪುಪ್ಪು, ಇನ್ನೊಂದು ಸಲ ಸಪ್ಪೆ. ಎರಡು ಬಾಟಲಿ ನೀರನ್ನ ಒಂದೇ ಪಾತ್ರೆಗೆ ಸುರಿದು ಪೂರ್ತಿ ಪೊಟ್ಟಣ ಕದಡೋದೇ ಸರಿ. ಅಲ್ಲಿನ ಪೊಟ್ಟಣಗಳಲ್ಲಿ ಒಂದು ಲೋಟದ ಅಳತೆಯವೂ ಇವೆ, ಎಂಎಲ್ ಅಂಕಿ ನೋಡಿಯೇ ಹರಿಯಿರಿ.

ಆಸ್ಪತ್ರೆಯಲ್ಲಿ ಮೊದಲು ಕೇಳೋದು ಡೆಪಾಸಿಟ್ಟು. ಇನ್ಶೂರೆನ್ಸಿನವರೇ ಆಸ್ಪತ್ರೆಗೆ ನೇರ ಕಟ್ಟೋ ಕ್ಯಾಶ್‌ಲೆಸ್ ಒಪ್ಪಿಗೆ ಬರೋಕೆ ಅರ್ಧ ದಿನವಾದರೂ ಬೇಕು. ನನಗೆ ಡಿಸ್ಚಾರ್ಜ್ ಹೊತ್ತಿಗೂ ಬಂದಿರಲಿಲ್ಲ, ಹಾಗಾಗಿ ಕೈಯಿಂದ ಕಟ್ಟಿ ಆಮೇಲೆ ವಸೂಲಿ. ಕ್ರೆಡಿಟ್ ಕಾರ್ಡ್ ಕೊಡುವಾಗ 'ಸೇಲ್' (ದುಡ್ಡು ಕೂಡಲೇ ಕಡಿತ) ಹೊಡೀಬೇಡಿ, 'ಪ್ರೀ-ಆಥರೈಸೇಷನ್' ಮಾಡಿ ಅನ್ನಿ. ಸೇಲ್ ಹೊಡೆದು ಆಮೇಲೆ ರೀಫಂಡ್ ಆದರೆ ಹೋಗುವಾಗ ಒಂದು ರೇಟು, ಬರುವಾಗ ಇನ್ನೊಂದು ರೇಟು, ಜೊತೆಗೆ ವಿದೇಶಿ ವಹಿವಾಟಿಗೆ ಬ್ಯಾಂಕು ಹಾಕೋ ಶೇ. 3.5ರ ಆಸುಪಾಸಿನ ಮಾರ್ಕಪ್ಪು, ಅದರ ಮೇಲೆ ಜಿಎಸ್‌ಟಿ. 40 ಸಾವಿರ ಬಾತ್ ಡೆಪಾಸಿಟ್ಟಿಗೆ ಸಾವಿರಾರು ರೂಪಾಯಿ ಗಾಳಿಗೆ ಹೋಗುತ್ತೆ. ಪ್ರೀ-ಆಥರೈಸೇಷನ್ ಬರೀ ತಡೆಹಿಡಿದ ಮೊತ್ತ, ಬಿಟ್ಟುಕೊಟ್ಟರೆ ಮುಗೀತು. ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಳ್ಳೋ ಫಾರೆಕ್ಸ್ ಕಾರ್ಡಲ್ಲಿ ಇದನ್ನ ಪ್ರಯತ್ನಿಸಿದೆ, ತಡೆಹಿಡಿದ ದುಡ್ಡು ವಾರಗಟ್ಟಲೆ ಸಿಕ್ಕಿಹಾಕಿಕೊಂಡಿತು, ಆ ಕಾರ್ಡನ್ನ ಹಾಸ್ಟೆಲ್ ಖರ್ಚಿಗೇ ಇಟ್ಟುಕೊಳ್ಳಿ. ಬ್ಯಾಂಕಿನ ಆ್ಯಪಲ್ಲಿ ವಿದೇಶಿ ವಹಿವಾಟು ಆನ್ ಮಾಡಿ ಮಿತಿ ಏರಿಸೋದು ಹೊರಡೋ ಮೊದಲೇ ಆಗಬೇಕು, ಓಟಿಪಿ ಬರೋ ಸಿಮ್ ರೋಮಿಂಗಲ್ಲಿರಬೇಕು.

ಇನ್ನು ಕಾಗದ. ಕ್ಲೇಮು ಬೀಳೋದು, ಏಳೋದು ಎರಡೂ ಇಲ್ಲೇ. ಡಿಸ್ಚಾರ್ಜ್ ಸಮ್ಮರಿ, ಇಂಗ್ಲಿಷಿನ ಮೆಡಿಕಲ್ ಸರ್ಟಿಫಿಕೇಟು, ಸಾಲು ಸಾಲಾಗಿ ವಿವರ ಇರೋ ಬಿಲ್ಲು, ಮೊಹರು ಬಿದ್ದ ರಶೀದಿ, ಎಲ್ಲ ಲ್ಯಾಬ್ ರಿಪೋರ್ಟು, ವಿಮಾನ ಹತ್ತೋಕೆ ಫಿಟ್ ಅನ್ನೋ ಚೀಟಿ. ಇಷ್ಟನ್ನೂ ಕ್ಯಾಷಿಯರ್ ಹತ್ತಿರ ಲೆಕ್ಕ ಮುಗಿಯೋ ಮೊದಲೇ ಕೇಳಿ. ಊರಿಗೆ ಬಂದ ಮೇಲೆ ಮೇಲ್ ಮಾಡಿ ತರಿಸೋದು ತಿಂಗಳ ಕೆಲಸ. ಒಂದೇ ಸಾಲಲ್ಲಿ 'ಔಷಧಿ ಮತ್ತು ಸಾಮಗ್ರಿ' ಅಂತ ಹದಿನೈದು ಸಾವಿರ ಬಾತ್ ಇದ್ದರೆ ಪ್ರಶ್ನೆ ಬಂದೇ ಬರುತ್ತೆ. ಅದನ್ನ ಬಿಡಿಸಿದ ಪಟ್ಟಿ ಕಂಪ್ಯೂಟರಲ್ಲಿ ಇದ್ದೇ ಇರುತ್ತೆ, ಕೇಳಿದರೆ ಮಾತ್ರ ಪ್ರಿಂಟ್ ತೆಗೀತಾರೆ. ಕಾಯಿಲೆ ಹೆಸರಿನ ಪಕ್ಕ ಐಸಿಡಿ ಕೋಡೂ (ಕಾಯಿಲೆಗಳಿಗಿರೋ ಅಂತಾರಾಷ್ಟ್ರೀಯ ಸಂಕೇತ) ಹಾಕಿಸಿ. ಡೆಂಗಿಗೆ ಎ90 ಇಲ್ಲವೇ ಎ97.

ತಾರೀಖಿನ ಲೆಕ್ಕ ಗೊತ್ತಿಲ್ಲದವರು ಎಡವೋದು ಇಲ್ಲಿ. ಥಾಯ್ ಕಾಗದದಲ್ಲಿ ಬೌದ್ಧ ಶಕೆಯ ಇಸವಿ ಇರುತ್ತೆ, ನಮ್ಮದಕ್ಕೆ 543 ಕೂಡಿಸಿದ್ದು. 2024 ಅಲ್ಲಿ 2567. ಇಲ್ಲಿನ ಕ್ಲೇಮ್ ಮೇಜಿನ ಮೇಲೆ 2567ರ ರಶೀದಿ ಬಿದ್ದರೆ 'ದಿನಾಂಕ ಹೊಂದಿಕೆಯಾಗುತ್ತಿಲ್ಲ' ಅಂತ ಫೈಲು ವಾಪಸ್. ಇಂಗ್ಲಿಷ್ ಪ್ರತಿ ಕೇಳುವಾಗಲೇ ಇಸವಿಯನ್ನೂ ನೋಡಿಕೊಳ್ಳಿ, ಆಗದಿದ್ದರೆ ಅರ್ಜಿಯ ಜೊತೆ ಎರಡು ಸಾಲಿನ ವಿವರಣೆ ಲಗತ್ತಿಸಿ.

ಹೆಸರಂತೂ ನಮ್ಮ ಕಡೆಯವರ ತಲೆನೋವು. ಬ್ಯಾಂಕಲ್ಲಿ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಬಿಡಿಸಿದ ಹೆಸರು, ಸರ್‌ನೇಮ್ ಜಾಗ ಖಾಲಿ. ಆಸ್ಪತ್ರೆಯ ಸಾಫ್ಟ್‌ವೇರು ಖಾಲಿ ಜಾಗ ಒಪ್ಪದೆ ಇದ್ದ ಹೆಸರನ್ನೇ ಎರಡು ಸಲ ಹಾಕಿಬಿಡುತ್ತೆ. ಪಾಸ್‌ಪೋರ್ಟಿನ ಪ್ರತಿ ಎದುರಿಗಿಟ್ಟು ಮೊದಲ ದಿನವೇ ಸರಿ ಮಾಡಿಸಿ, ರಶೀದಿ ಬಂದ ಮೇಲೆ ಯಾರೂ ಮುಟ್ಟಲ್ಲ.

ರೋಗದ ಹಿನ್ನೆಲೆ ಕೇಳುವಾಗ 'ಗ್ಯಾಸ್ಟ್ರಿಕ್ ಬಹಳ ದಿನದಿಂದ ಇದೆ' ಅಂದುಬಿಟ್ಟರೆ ಅದೂ ಕೇಸ್ ಶೀಟಿಗೆ ಹೋಗುತ್ತೆ, ಹೊಟ್ಟೆಯ ಯಾವ ಕಾಯಿಲೆ ಆದರೂ ಹಳೆಯದು ಅಂತ ತಳ್ಳೋಕೆ ದಾರಿಯಾಗುತ್ತೆ. ಸುಳ್ಳು ಹೇಳಿ ಅಂತಲ್ಲ. ಬಿಪಿ, ಶುಗರ್ ಇದ್ದರೆ ಪಾಲಿಸಿ ತಗೊಳ್ಳುವಾಗಲೇ ಬರೆಸಿ, ಡಾಕ್ಟರಿಗೆ ತಿಂಗಳು ಇಸವಿ ಸಮೇತ ಹೇಳಿ.

ಸ್ಕೂಟರ್ ಬಾಡಿಗೆಗೆ ತಗೊಳ್ಳೋರಿಗೆ ಒಂದು ಮಾತು. ಆರ್‌ಟಿಓದಲ್ಲಿ 4ಎ ನಮೂನೆ, ಸಾವಿರ ರೂಪಾಯಿ ಕೊಟ್ಟರೆ ಸಿಗೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ಟು 1949ರ ಅಂತಾರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ್ದು. ಥಾಯ್ಲೆಂಡಲ್ಲಿ ನಡೆಯುತ್ತೆ, ಅದೂ ಬೈಕಿನ ವರ್ಗ ನಮೂದಾಗಿದ್ದರೆ ಮಾತ್ರ. ವಿಯೆಟ್ನಾಂ ಇರೋದು 1968ರ ಒಪ್ಪಂದದಲ್ಲಿ, ನಮ್ಮ ಪರ್ಮಿಟ್ಟು ಅಲ್ಲಿ ನಡೆಯಲ್ಲ, ಹಾಗಾಗಿ ಅಲ್ಲಿನ ಹಾ ಜಿಯಾಂಗ್ ಘಾಟಿಯಲ್ಲಿ ಬಿದ್ದು ಕೈ ಮುರಿದರೆ 'ಲೈಸೆನ್ಸ್ ಇಲ್ಲದೆ ಓಡಿಸಿದ್ದು' ಅಂತ ಕ್ಲೇಮ್ ತಿರಸ್ಕಾರ ಆಗುತ್ತೆ. ಅಲ್ಲಿ ನಾನು ಹಿಂದಿನ ಸೀಟೇ.

ರಶೀದಿ ಥರ್ಮಲ್ ಕಾಗದದ್ದಾದರೆ ಅವತ್ತೇ ಜೆರಾಕ್ಸ್ ತೆಗೆಸಿ, ಬ್ಯಾಗಿನ ಬಿಸಿಗೆ ಅಕ್ಷರ ಅಳಿಸಿಹೋಗುತ್ತೆ. ಹೋಗಿಬಂದ ಪುರಾವೆಗೆ ಪಾಸ್‌ಪೋರ್ಟಿನ ಮುದ್ರೆ ಸಾಕು, ಆದರೆ ಸಿಂಗಪುರದಲ್ಲಿ ಈಗ ಮುದ್ರೆ ಒತ್ತಲ್ಲ. ಅಲ್ಲಿಂದ ಮೇಲ್‌ಗೆ ಬರೋ ಇ-ಪಾಸನ್ನ, ಬೋರ್ಡಿಂಗ್ ಪಾಸನ್ನ ಎತ್ತಿಡಿ. ಮೂಲ ಪ್ರತಿಗಳನ್ನ ಸ್ಪೀಡ್ ಪೋಸ್ಟಲ್ಲಿ ಕಳಿಸೋ ಮೊದಲು ಪ್ರತಿ ಪುಟಕ್ಕೂ ನಂಬರ್ ಹಾಕಿ, ಮೇಲೊಂದು ಪಟ್ಟಿ ಇಟ್ಟೆ. 'ಈ ಕಾಗದ ಬಂದಿಲ್ಲ' ಅಂತ ಮೇಲ್ ಬಂದಾಗ 'ಪುಟ 14 ನೋಡಿ' ಅಂತ ಒಂದೇ ಸಾಲಿನ ಉತ್ತರ. ಎರಡು ಸಲ ಹೀಗೇ ಆಯಿತು, ಮೂರನೇ ಸಲ ಕೇಳಲಿಲ್ಲ.

ತಿರಸ್ಕರಿಸಿದರೆ ಮೊದಲು ಕಂಪನಿಯ ಗ್ರೀವೆನ್ಸ್ (ದೂರು) ಅಧಿಕಾರಿಗೆ ಬರೀಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಬೆಂಗಳೂರು ಜೆ.ಪಿ. ನಗರದ ಇನ್ಶೂರೆನ್ಸ್ ಒಂಬುಡ್ಸ್‌ಮನ್, ಅಂದರೆ ವಿಮೆ ತಕರಾರು ಬಗೆಹರಿಸೋ ಅಧಿಕಾರಿ. ಫೀಸಿಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದ ಒಳಗೆ ಹೋಗಬೇಕು. ನನ್ನ ಫೈಲು ಅಲ್ಲಿವರೆಗೆ ಹೋಗಲಿಲ್ಲ, ಗ್ರೀವೆನ್ಸ್ ಮೇಲ್‌ನ ಕರಡು ಮಾತ್ರ ಸಿದ್ಧ ಇಟ್ಟುಕೊಂಡಿದ್ದೆ.