ಐವಿಎಫ್ ಆಮೇಲೆ, ಮೊದಲು ಇಬ್ಬರಿಗೂ ಪರೀಕ್ಷೆ

ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ‘ಏನಾದ್ರೂ ವಿಶೇಷ ಇದೆಯಾ?’ ಎಂದು ನೆಂಟರು ಶುರು ಮಾಡುತ್ತಾರೆ. ಅವರಿಗೆ ಹೆದರಿ ನೇರ ಐವಿಎಫ್ (ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ) ಸೆಂಟರ್‌ಗೆ ಓಡಬೇಕಿಲ್ಲ. 12 ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ 6 ತಿಂಗಳಿಗೇ ಹೋಗಿ. ಮುಟ್ಟು ತೀರಾ ಏರುಪೇರಾಗುತ್ತಿದ್ದರೆ ಕಾಯುವುದೇ ಬೇಡ.

ಹೋಗುವಾಗ ಇಬ್ಬರೂ ಹೋಗಿ. ಸ್ಕ್ಯಾನಿಂಗ್, ಮಾತ್ರೆ, ಹರಕೆ ಎಲ್ಲ ಹೆಂಡತಿಯ ಪಾಲಿಗೆ. ಗಂಡನ ಸರದಿ ಬರುವುದು ಎಷ್ಟೋ ವರ್ಷದ ಮೇಲೆ. ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ಖರ್ಚೂ ಕಡಿಮೆ. ಅದೇ ಮೊದಲು ಆಗಬೇಕು, ಅಲ್ವಾ? ಸ್ಯಾಂಪಲ್ ಕೊಡುವ ಮುಂಚೆ 2ರಿಂದ 7 ದಿನ ವೀರ್ಯ ಹೊರಹೋಗಿರಬಾರದು. ಮನೆಯಲ್ಲಿ ಸಂಗ್ರಹಿಸಿದರೆ ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿದು ಒಂದು ಗಂಟೆಯೊಳಗೆ ತಲುಪಿಸಿ. ಫ್ರಿಜ್‌ನಲ್ಲಿ ಇಡಬೇಡಿ, ಅಂಗಿಯ ಒಳಜೇಬು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಮಿತಿ: ಪ್ರತಿ ಮಿಲಿಲೀಟರ್‌ಗೆ 1.6 ಕೋಟಿ ವೀರ್ಯಾಣು, ಅದರಲ್ಲಿ ಶೇ 42 ಚಲಿಸುತ್ತಿರಬೇಕು. ಕಡಿಮೆ ಬಂದರೆ ಅಪ್ಪನಾಗಲು ಆಗುವುದೇ ಇಲ್ಲ ಅಂತಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಾಗಾಗಿ ಎರಡು ತಿಂಗಳ ಹಿಂದಿನ ಜೋರು ಜ್ವರ ಇವತ್ತಿನ ರಿಪೋರ್ಟ್‌ನಲ್ಲಿ ಕಾಣಬಹುದು. ಸಿಗರೇಟು ಬಿಟ್ಟು, ಸ್ವಲ್ಪ ಸಮಯ ಬಿಟ್ಟು ಇನ್ನೊಮ್ಮೆ ಮಾಡಿಸಿ. ಜಿಮ್‌ನವರು ಕೊಡುವ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು. ವೈದ್ಯರ ಹತ್ತಿರ ಅದನ್ನು ಮುಚ್ಚಿಡಬೇಡಿ.

ಹೆಂಡತಿಗೆ ಥೈರಾಯ್ಡ್ ಪರೀಕ್ಷೆ, ಎಎಂಎಚ್ ಎಂಬ ಹಾರ್ಮೋನಿನ ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಗುತ್ತದೆ. ಗರ್ಭನಾಳ ತೆರೆದಿದೆಯೇ ಎಂದು ನೋಡಲು ಮುಟ್ಟು ನಿಂತ ಮೇಲೆ ಎಚ್‌ಎಸ್‌ಜಿ ಎಕ್ಸ್‌ರೇ. ಎಎಂಎಚ್ ಕಡಿಮೆ ಬಂತೆಂದು ಅಳುವವರೇ ಜಾಸ್ತಿ. ಅದು ಅಂಡಾಣುಗಳ ಸಂಗ್ರಹ ಎಷ್ಟಿದೆ ಎಂದು ಅಂದಾಜು ಕೊಡುತ್ತದೆ ಅಷ್ಟೆ, ಗರ್ಭ ನಿಲ್ಲುತ್ತದೋ ಇಲ್ಲವೋ ಎಂದು ಹೇಳುವುದಿಲ್ಲ.

ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆಯಾದ ಪಿಸಿಓಎಸ್‌ನಿಂದ ಅಂಡಾಣು ಬಿಡುಗಡೆ ಆಗದಿದ್ದರೆ ಎಷ್ಟೋ ಜನರಿಗೆ ಮಾತ್ರೆಯೇ ಸಾಕಾಗುತ್ತದೆ. ಆದರೆ ಎರಡೂ ಗರ್ಭನಾಳ ಮುಚ್ಚಿದ್ದರೆ ಐಯುಐ (ವೀರ್ಯವನ್ನು ನಳಿಕೆಯಿಂದ ನೇರ ಗರ್ಭಕೋಶಕ್ಕೆ ಬಿಡುವುದು) ಮಾಡಿಸಿದರೂ ಪ್ರಯೋಜನವಿಲ್ಲ, ಸುಮ್ನೆ ದುಡ್ಡು ದಂಡ. ಅಂಥವರಿಗೆ ಐವಿಎಫ್ ಬೇಕಾಗಬಹುದು.

ಆಗ ಕ್ಲಿನಿಕ್ ನೋಡಿ ಆರಿಸಿ. ಇಂಥ ಚಿಕಿತ್ಸೆಗಳ ಕುರಿತ 2021ರ ಎಆರ್‌ಟಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ. ಒಂದನೇ ಹಂತದ ಕ್ಲಿನಿಕ್ ಐಯುಐ ಮಾಡಬಹುದು. ಐವಿಎಫ್‌ಗೆ ಎರಡನೇ ಹಂತದ ನೋಂದಣಿಯೇ ಬೇಕು. ಚಿಕಿತ್ಸೆ ಪಡೆಯಲು ಮಹಿಳೆಗೆ 50, ಗಂಡಸಿಗೆ 55 ವಯಸ್ಸಿನ ಮಿತಿ. ಬೋರ್ಡ್ ಮೇಲಿನ ‘ಯಶಸ್ಸಿನ ಪ್ರಮಾಣ’ ನಂಬುವ ಮುಂಚೆ ಕೇಳಿ: ಅದು ಗರ್ಭ ಪರೀಕ್ಷೆ ಪಾಸಿಟಿವ್ ಬಂದ ಲೆಕ್ಕವೋ, ಮನೆಗೆ ಹೋದ ಮಗುವಿನ ಲೆಕ್ಕವೋ? ನನ್ನ ವಯಸ್ಸಿನವರದ್ದು ಎಷ್ಟು? ಪ್ಯಾಕೇಜ್‌ನಲ್ಲಿ ಇಂಜೆಕ್ಷನ್, ಅರಿವಳಿಕೆ, ಭ್ರೂಣ ಫ್ರೀಜ್ ಮಾಡುವ ಖರ್ಚು ಸೇರಿದೆಯೇ ಎಂದು ಬರೆಸಿಕೊಳ್ಳಿ. ಗಂಡುಮಗು ಮಾಡಿಕೊಡುತ್ತೇವೆ ಎಂದರೆ ಎದ್ದು ಬನ್ನಿ, ಅದು ಅಪರಾಧ.

ಐವಿಎಫ್‌ನಲ್ಲಿ ಸಾಮಾನ್ಯವಾಗಿ 10–12 ದಿನ ಇಂಜೆಕ್ಷನ್, ಆಮೇಲೆ ಅಂಡಾಣು ತೆಗೆಯುವುದು, ಅದಾದ 3ನೇ ಅಥವಾ 5ನೇ ದಿನ ಭ್ರೂಣ ವರ್ಗಾವಣೆ. ಹೊಟ್ಟೆ ವಿಪರೀತ ಉಬ್ಬಿದರೆ, ಉಸಿರು ಕಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಫಲಿತಾಂಶಕ್ಕೆ ಸುಮಾರು ಎರಡು ವಾರದ ಮೇಲೆ ರಕ್ತ ಪರೀಕ್ಷೆ. ಅದಕ್ಕೂ ಮುಂಚೆ ಮನೆಯಲ್ಲಿ ಗರ್ಭ ಪರೀಕ್ಷೆಯ ಕಿಟ್ ಹಿಡಿದು ಕೂರಬೇಡಿ. ಎಚ್‌ಸಿಜಿ ಇಂಜೆಕ್ಷನ್ (ಕಿಟ್ ಗುರುತಿಸುವ ಹಾರ್ಮೋನ್ ಇದೇ) ತೆಗೆದುಕೊಂಡಿದ್ದರೆ ಅದರ ಅಂಶ ಉಳಿದು ಸುಳ್ಳು ಗೆರೆ ಮೂಡಬಹುದು.