ಮಗುವಿನ ಕ್ಯಾನ್ಸರ್ ಚಿಕಿತ್ಸೆ: ಹೆತ್ತವರು ಅರ್ಥ ಮಾಡಿಕೊಳ್ಳುವುದು ಹೇಗೆ?

ವೈದ್ಯರ ಬಾಯಿಂದ ‘ಕ್ಯಾನ್ಸರ್’ ಎಂಬ ಪದ ಬಂದ ಮೇಲೆ ಉಳಿದ ಮಾತುಗಳು ಹೆತ್ತವರ ಕಿವಿಗೆ ಬಿದ್ದರೂ ತಲೆಗೆ ಇಳಿಯುವುದಿಲ್ಲ. ಅದು ಸಹಜ. ಒಂದು ನೋಟ್‌ಬುಕ್ ಹಿಡಿದು, ಮನೆಯಲ್ಲಿ ಸ್ವಲ್ಪ ಗಟ್ಟಿ ಮನಸ್ಸಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಮತ್ತೊಮ್ಮೆ ಹೋಗಿ. ಕೇಳಿದ್ದನ್ನು ಬರೆದುಕೊಳ್ಳಿ.

ಮೊದಲು ಕಾಯಿಲೆಯ ಪೂರ್ತಿ ಹೆಸರು

‘ರಕ್ತದ ಕ್ಯಾನ್ಸರ್’ ಎಂದಷ್ಟೇ ತಿಳಿದರೆ ಸಾಲದು. ಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವುದು ಬಿಳಿ ರಕ್ತಕಣಗಳ ಕ್ಯಾನ್ಸರ್ ಆದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಎಎಲ್‌ಎಲ್. ಮಿದುಳಿನ ಗೆಡ್ಡೆ, ದುಗ್ಧಗ್ರಂಥಿಗಳ ಲಿಂಫೋಮಾ, ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆ, ಕಣ್ಣಿನ ರೆಟಿನೊಬ್ಲಾಸ್ಟೊಮಾ ಎಲ್ಲವೂ ಬೇರೆ ಬೇರೆ; ಚಿಕಿತ್ಸೆಯ ದಾರಿಯೂ ಬೇರೆ. ಹಾಗಾಗಿ ಪಕ್ಕದ ಹಾಸಿಗೆಯ ಮಗುವಿನೊಂದಿಗೆ ಹೋಲಿಸಿ ಕೊರಗಬೇಡಿ. ಬಸುರಿಯಲ್ಲಿ ತಾಯಿ ಏನು ತಿಂದಳು, ಏನು ಬಿಟ್ಟಳು ಎಂಬ ವಿಚಾರಣೆಯನ್ನಂತೂ ಶುರು ಮಾಡಲೇಬೇಡಿ. ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೆರಳು ತೋರಿಸಲು ಬರುವುದಿಲ್ಲ.

ನಂತರ, ಇಷ್ಟು ದಿನ ಏಕೆ ಎಂಬ ಲೆಕ್ಕ

ಎಎಲ್‌ಎಲ್ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಹಂತಕ್ಕೆ ಸುಮಾರು ನಾಲ್ಕೈದು ವಾರ. ಅದು ಮುಗಿದಾಗ ‘ರೆಮಿಷನ್ ಆಗಿದೆ’, ಅಂದರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣುತ್ತಿಲ್ಲ, ಎಂಬ ಮಾತು ಕೇಳಿಬರುತ್ತದೆ. ಅನೇಕರು ಇದನ್ನೇ ‘ವಾಸಿಯಾಯಿತು’ ಎಂದುಕೊಳ್ಳುತ್ತಾರೆ, ಎಡವುವುದು ಇಲ್ಲಿಯೇ. ಕಾಯಿಲೆ ಪತ್ತೆಯಾಗುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣಗಳಿರುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸತ್ತರೂ ಸಾವಿರ ಕೋಟಿ ಉಳಿದವು! ಸೂಕ್ಷ್ಮದರ್ಶಕದಲ್ಲಿ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತಕಣ ತಯಾರಾಗುವ ಜಾಗ) ಶುಭ್ರವಾಗಿ ಕಂಡರೂ ಔಷಧಿ ಮುಂದುವರಿಯುವುದು ಆ ಉಳಿಕೆಗಾಗಿ.

ಕೊನೆಯ ದೀರ್ಘ ಹಂತದಲ್ಲಿ ಮಗು ಮನೆಯಲ್ಲೇ ಇರುತ್ತದೆ. ಕೂದಲು ಮತ್ತೆ ಬಂದಿರುತ್ತದೆ, ಓಡಾಡಿಕೊಂಡಿರುತ್ತದೆ. ‘ಇನ್ನೇಕೆ ಮಾತ್ರೆ’ ಎನ್ನುವ ಹಿತೈಷಿಗಳು ಹುಟ್ಟಿಕೊಳ್ಳುವುದು ಆಗಲೇ. ಈ ಹಂತದಲ್ಲಿ ಕೊಡುವ ಕ್ಯಾನ್ಸರ್ ಔಷಧಿಗಳಲ್ಲಿ ಮರ್ಕಾಪ್ಟೊಪ್ಯೂರಿನ್ ಮಾತ್ರೆ ಪ್ರತಿದಿನ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ಇವೆರಡು ಅದಲುಬದಲಾದರೆ ಪ್ರಾಣಕ್ಕೇ ಅಪಾಯ. ವಾರದ ಮಾತ್ರೆಗೆ ಒಂದು ದಿನ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿ. ಕೊಟ್ಟ ಮೇಲೆ ಅದರ ಮೇಲೊಂದು ಗೀಟು ಎಳೆಯಿರಿ.

ಜ್ವರ ಬಂದರೆ ಕಾಯಬೇಡಿ

ಕೀಮೊಥೆರಪಿ, ಅಂದರೆ ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ ಚಿಕಿತ್ಸೆ, ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆ. ಆಗ ಸಣ್ಣ ಸೋಂಕು ಕೆಲವೇ ಗಂಟೆಗಳಲ್ಲಿ ಮಾರಕವಾಗಬಹುದು. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ, ಹೊರಡಿ. ವೈದ್ಯರು ಹೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಮರೆಯಾಗುತ್ತದೆ, ಸೋಂಕು ಉಳಿಯುತ್ತದೆ. ಆಸ್ಪತ್ರೆಯ ಚೀಲ ಸದಾ ಬಾಗಿಲ ಬಳಿ ಸಿದ್ಧವಿರಲಿ. ಗಾಬರಿಪಡಬೇಕಾಗಿಲ್ಲದ ಸಂಗತಿಗಳೂ ಇವೆ: ಡಾಕ್ಸೊರುಬಿಸಿನ್ ಎಂಬ ಕೆಂಪು ಬಣ್ಣದ ಕೀಮೊ ಔಷಧಿ ಕೊಟ್ಟ ಒಂದೆರಡು ದಿನ ಮೂತ್ರ ಕೆಂಪಗಾಗುವುದು ರಕ್ತದಿಂದಲ್ಲ, ಔಷಧಿಯ ಬಣ್ಣದಿಂದ.

ಮಗುವಿಗೆ ಹೇಳುವುದು

ಚಿಕ್ಕ ಮಕ್ಕಳು ತಮ್ಮ ತುಂಟತನಕ್ಕೆ ಸಿಕ್ಕ ಶಿಕ್ಷೆಯಿದು ಎಂದುಕೊಳ್ಳುವುದುಂಟು. ‘ನೀನು ಮಾಡಿದ ತಪ್ಪಿನಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಅಣ್ಣ, ಅಕ್ಕ, ತಂಗಿಯರಿಗೂ ಹೇಳಿ. ಅವರೂ ಒಳಗೊಳಗೆ ಅಳುಕುತ್ತಿರುತ್ತಾರೆ. ಸೂಜಿ ಚುಚ್ಚುವಾಗ ‘ನೋಯುವುದೇ ಇಲ್ಲ’ ಎಂದರೆ ಮುಂದಿನ ಸಲ ಮಗು ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ‘ಸ್ವಲ್ಪ ನೋಯುತ್ತದೆ, ನನ್ನ ಕೈ ಹಿಡಿದುಕೋ’ ಎನ್ನಿ.

ಚಿಕಿತ್ಸೆ ಮುಗಿದ ದಿನ ಯಾವ ಔಷಧಿ, ಒಟ್ಟು ಎಷ್ಟು ಪ್ರಮಾಣ, ವಿಕಿರಣ ಕೊಟ್ಟಿದ್ದರೆ ದೇಹದ ಯಾವ ಭಾಗಕ್ಕೆ ಎಂಬ ಸಾರಾಂಶವನ್ನು ಬರೆಸಿಕೊಳ್ಳಿ. ಕೆಲವು ಔಷಧಿಗಳು ವರ್ಷಗಳ ಬಳಿಕ ಹೃದಯವನ್ನು ಬಾಧಿಸಬಹುದು. ಇಂದಿನ ಐದು ವರ್ಷದ ಹುಡುಗಿ ಮೂವತ್ತಾದಾಗ ಹೊಸ ವೈದ್ಯರ ಮುಂದೆ ಕುಳಿತು ತೋರಿಸಬೇಕಾದ ಕಾಗದ ಅದೇ.